ಗೋಣಿ ಎಂಬ ಸವತಿ

ಸವತಿಯ ಕಾಟ ಹೆಂಗಸರಿಗಷ್ಟೇ ಎಂದು ನಂಬಿದ್ದೆ. ನನಗೂ ಬಂತು, ಗೋಣಿಚೀಲದ ರೂಪದಲ್ಲಿ.

ನಾನು ಕೋಟು ಹೊಲಿಯುವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಹೆಂಡತಿ ಧಾನ್ಯದ ಮಂಡಿಯಲ್ಲಿ ಚೀಲಗಳ ಬಾಯಿ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯಾದಾಗಿನಿಂದ ನಮ್ಮಲ್ಲೊಂದು ರೂಢಿ. ಕೋಟು ಮುಗಿದ ಮೇಲೆ ಅವಳು ಒಳಗೆ ಕೈಹಾಕಿ, ಹೆಗಲಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಹೂಂ, ಕಳಿಸಿ" ಅನ್ನಬೇಕು. ಆಮೇಲೆಯೇ ಅದು ಗಿರಾಕಿಯ ಮೈಗೆ. ಊರೆಲ್ಲ ಹೊಗಳಿದರೂ ಆ ಒಂದು "ಹೂಂ" ಇಲ್ಲದೆ ನನಗೆ ಊಟ ರುಚಿಸುತ್ತಿರಲಿಲ್ಲ.

ಮಂಡಿಯ ಕೆಲಸ ಬಿಟ್ಟಾಗ ಅವಳು ಹರಿದ ಚೀಲಗಳನ್ನು ಮನೆಗೆ ಹೊತ್ತು ತಂದಳು. ಮೊದಲು ಹಿತ್ತಲಲ್ಲಿ ಶುರು. ಬೀಜ ಬಿತ್ತಿದ ಪಾತಿಗೆ ಒದ್ದೆ ಗೋಣಿ ಹೊದಿಸಿದಳು; ಮೊಳಕೆ ತಲೆಯೆತ್ತಿದ್ದೇ ತಡ, ತೆಗೆದಳು. ತಂತಿಬುಟ್ಟಿಗಳೊಳಗೆ ಗೋಣಿ ಹಾಸಿ, ಮಣ್ಣು ತುಂಬಿ, ಗಿಡ ನೆಟ್ಟು ಗೋಡೆಗೆ ತೂಗುಹಾಕಿದಳು. ಹೋಗಲಿ, ಹಿತ್ತಲು ಅವಳದೇ. ಆದರೆ ಗೋಣಿ ಮೆಲ್ಲಗೆ ಒಳಗೂ ಬಂತು. ದೀಪಕ್ಕೆ ಮುಸುಕು, ದಿಂಬಿಗೆ ಗವಸು, ಕೊನೆಗೆ ನನ್ನ ಅಂಗಡಿಯ ಬಾಗಿಲಿಗೇ ಪರದೆ! ಕೋಟು ತೊಟ್ಟು ಕನ್ನಡಿಯೆದುರು ನಿಂತ ಗಿರಾಕಿ ತನ್ನನ್ನು ಬಿಟ್ಟು ಹಿಂದಿನ ಪರದೆ ನೋಡುತ್ತಾ, ಅದನ್ನು ಮಾಡಿದ್ದು ಯಾರು ಎಂದು ಕೇಳಿದರೆ ಯಾವ ದರ್ಜಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ?

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಬೇರೆಯೇ. ಮುಗಿದ ಕೋಟು ಮುಂದಿಟ್ಟರೆ, ಅಲ್ಲಿಡಿ, ಆಮೇಲೆ ನೋಡ್ತೀನಿ ಅನ್ನತೊಡಗಿದಳು. ಆ ಆಮೇಲೆ ಬರುತ್ತಲೇ ಇರಲಿಲ್ಲ. ಒಂದು ಕೋಟಂತೂ ಅವಳ ಕೈ ತಾಗದೆಯೇ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಪಾಡು ಅದಾಯಿತು. ನಿಜವಾದ ಹಿತ್ತಲ ಗಿಡಗಳಿಗೋ ದಿನವೂ ಉಪಚಾರ.

ಅಷ್ಟರಲ್ಲಿ ಪಕ್ಕದ ಬೀದಿಯ ಡಾಕ್ಟರಮ್ಮ ತಮ್ಮ ಕಿಟಕಿಗಳಿಗೂ ಗೋಣಿ ಪರದೆ ಬೇಕೆಂದರು. ಕತ್ತರಿ ಹಿಡಿಯುವುದು ನನ್ನ ಕೆಲಸ ಎಂದು ನಾನೇ ಮುನ್ನುಗ್ಗಿದೆ. ಕೋಟಿನ ಬಟ್ಟೆಗೆ ಮಾಡುವಂತೆಯೇ ಅಳತೆಕೋಲಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದೆ. ಗೋಣಿಯ ನೇಯ್ಗೆ ಸಡಿಲ. ಬಟ್ಟೆಯ ಜೊತೆ ಗೆರೆಯೂ ಜರುಗಿ ಅಂಚು ಸೊಟ್ಟಗಾಯಿತು. ಎಳೆಗಳು ಬಿಚ್ಚಿಕೊಂಡು ನನ್ನ ತೊಡೆಯ ಮೇಲೆ ಉದುರಿದವು. ಹೆಂಡತಿಯ ಎದುರೇ ಮಾನ ಮೂರು ಕಾಸಿಗೆ ಹೋಯಿತು.

ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪಕ್ಕದಲ್ಲಿ ಕೂತು, ಒಂದೇ ಒಂದು ಎಳೆ ಹಿಡಿದು, ಉದ್ದಕ್ಕೂ ಮೆಲ್ಲಗೆ ಎಳೆದು ತೆಗೆದಳು. ಎಳೆ ಹೋದ ಕಡೆ ಸಣ್ಣ ಸಂದು ನೆಟ್ಟಗೆ ಮೂಡಿತು. ಅದರಗುಂಟ ಕತ್ತರಿಸಿದಳು.

ನನಗೆ ತಡೆಯಲಾಗಲಿಲ್ಲ. "ಈ ಹರಕು ಗೋಣಿಗೆ ಇಷ್ಟು ಹೊತ್ತಿದೆ. ನನ್ನ ಕೋಟು ನೋಡೋಕೆ ಮಾತ್ರ ನಿಂಗೆ ಪುರುಸೊತ್ತಿಲ್ಲ, ಅಲ್ವಾ?"

"ಇಷ್ಟು ವರ್ಷ ನಿಮ್ಮ ಕೋಟೆಲ್ಲ ಮುಟ್ಟಿ ನೋಡಿದೀನಿ," ಎಂದಳು. "ನಾನು ಮಾಡಿದ್ದನ್ನ ನೀವು ಒಂದು ಸಲನಾದ್ರೂ ಮುಟ್ಟಿ ನೋಡಿದೀರಾ?"

ಎದ್ದು ಹೋಗಿ ಬಾಗಿಲ ಪರದೆಯ ಅಂಚಿನ ಮೇಲೆ ಬೆರಳಾಡಿಸಿದೆ. ಎಲ್ಲಾದರೂ ಒಂದು ತಪ್ಪು ಸಿಗಲಪ್ಪಾ ಎಂದು ಮೇಲಿಂದ ಕೆಳಗಿನವರೆಗೂ ಹುಡುಕಿದೆ. ಸಿಗಲಿಲ್ಲ.

"ನನ್ನ ಕೋಟಿಗಿಂತ ಚೆನ್ನಾಗಿದೆ," ಎಂದೆ. ಹೇಳುವಾಗಲೂ ಹೊಟ್ಟೆಯೊಳಗೆ ಕೆಂಡ.

"ಗೊತ್ತು," ಎಂದಳು ಮಹಾರಾಯ್ತಿ, ತಲೆಯೆತ್ತದೆ.