ಉರಿಗಾಂ ಬಾರಿನ ಕಪ್ಪು ಹೂವು

ಉರಿಗಾಂನ ಹಳೆಯ ಬಾರು ಈಗ ಬಾರಲ್ಲವಂತೆ, ಹೆರಿಟೇಜ್ ಫ್ಯಾಮಿಲಿ ಪಬ್ ಅಂತೆ. ಬಿಳಿ ದೊರೆಗಳು ತಮಗೆ ಕುಡಿಯಲೆಂದು ಕಟ್ಟಿಸಿಕೊಂಡದ್ದು, ಅವರು ಗಂಟುಮೂಟೆ ಕಟ್ಟಿದ ಮೇಲೆ ಚಿನ್ನದ ಗಣಿ ಕೆಲಸಗಾರರ ಪಾಲಿಗೆ ಬಂತು. ಗಣಿ ಮುಚ್ಚಿದ ಮೇಲೆ ಅಪ್ಪನಂಥ ನಾಲ್ಕಾರು ಮುದುಕರಷ್ಟೇ ಗಿರಾಕಿಗಳು. ಆ ಬಾಗಿಲನ್ನು ಹೆಂಗಸರು ದಾಟುವ ಹಾಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನನ್ನು ಊಟಕ್ಕೆ ಕರೆಯಲು ಹೋಗಿ ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ತಲೆ ಎತ್ತಿ ನೋಡಲು ನಾಚಿಕೆ, ಹಾಗಾಗಿ ನನಗೆ ಗೊತ್ತಿದ್ದದ್ದು ನೆಲ ಮಾತ್ರ. ಕೆಂಪು ಟೈಲ್ಸು, ಒಂದೊಂದರಲ್ಲೂ ಒಂದು ಹಳದಿ ಹೂವು. ಕೌಂಟರಿನ ಮೂಲೆಯ ಹೂವು ಮಾತ್ರ ಕಪ್ಪು.

ಅದು ಬ್ರಾಂದಿ ಕುಡಿದು ಕಪ್ಪಾದ ಹೂವು. ಶಿಫ್ಟು ಮುಗಿಸಿ ಬಂದವರು ಗ್ಲಾಸಿಗೆ ಬಾಯಿಡುವ ಮುಂಚೆ ಮೊದಲ ಗುಟುಕನ್ನು ಅಲ್ಲಿ ಸುರಿಯುತ್ತಿದ್ದರು, ಗಣಿಗೆ ಇಳಿದು ಮೇಲೆ ಬಾರದವರ ಹೆಸರಿನಲ್ಲಿ. ಎಷ್ಟೇ ತೂರಾಡುತ್ತಿದ್ದರೂ ಆ ಹೂವನ್ನು ಯಾರೂ ತುಳಿಯುತ್ತಿರಲಿಲ್ಲ. ಅಪ್ಪ ಸುರಿಯುತ್ತಿದ್ದದ್ದು ತನ್ನ ತಮ್ಮನಿಗೆ. ಕಾಮಸಮುದ್ರದ ಕಡೆಯ ನಮ್ಮ ಹೊಲ ಬಿಟ್ಟು ಅಣ್ಣನ ಹಿಂದೆಯೇ ಗಣಿ ಸೇರಿದ್ದ ಚಿಕ್ಕಪ್ಪ, ಬಂಡೆ ಸಿಡಿದು ಒಳಗೇ ಉಳಿದುಬಿಟ್ಟ. ಹೆಣ ಸಿಗಲಿಲ್ಲ. ಎಡೆ ಇಡಲು ಹೊಲದಲ್ಲಿ ಅಜ್ಜ ಅಜ್ಜಿಯ ಸಮಾಧಿಗಳಿವೆ, ಚಿಕ್ಕಪ್ಪನಿಗೆ ಅಂತ ಇದ್ದದ್ದು ಆ ಮೂಲೆ ಒಂದೇ.

ಬೆಂಗಳೂರಿನಿಂದ ಬಂದ ಹೊಸ ಮಾಲೀಕ ಜೊತೆಗೊಬ್ಬ ಡಿಸೈನರನನ್ನೂ ಕರೆತಂದಿದ್ದ. ಹಳೆಯ ಟೈಲ್ಸು ಕಿತ್ತುಹಾಕಿ, ಹಳೆಯದರಂತೆ ಕಾಣುವ ಹೊಸ ಟೈಲ್ಸು ಹಾಕಿಸುವುದು ಆ ಮಹಾಶಯರ ಘನಂದಾರಿ ಯೋಜನೆ. ಬಿರುಕನ್ನು ಸಹ ಪ್ರಿಂಟು ಮಾಡಿಸುತ್ತಾರಂತೆ. ಬಿರುಕೇ ಬೇಕಿದ್ದರೆ ಚಾಂಪಿಯನ್ ರೀಫ್ಸ್ ಗಣಿ ಕಾಲೊನಿಯಲ್ಲಿ ಅಪ್ಪನ ಮನೆಯ ಗೋಡೆ ತುಂಬ ಇದ್ದವು, ಪುಕ್ಕಟೆ ಕೊಡುತ್ತಿದ್ದೆವು.

ವಿಷಯ ತಿಳಿದು ಬಂಗಾರಪೇಟೆಯಿಂದ ಬಸ್ಸು ಹತ್ತಿ ಹೋದೆ. ಮಾಲೀಕನಿಗೆ ಎಲ್ಲ ಬಿಡಿಸಿ ಹೇಳಿ, ಆ ಒಂದು ಟೈಲ್ಸನ್ನು ಮುಟ್ಟಬೇಡಿ ಎಂದು ಕೇಳಿಕೊಂಡೆ. ಡಿಸೈನರ್ ಮಂಡಿಯೂರಿ ಕೂತು ಕಪ್ಪು ಹೂವಿನ ಫೋಟೊ ತೆಗೆದುಕೊಂಡ.

"ಎಂಥಾ ಕಥೆ ಮೇಡಂ. ಇದನ್ನ ಕಳ್ಕೊಳ್ಳೋಕಾಗುತ್ತಾ? ನೀವು ಆರಾಮಾಗಿರಿ," ಎಂದ ಮಾಲೀಕ. ಅವನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣನ್ನು ನಂಬಿಕೊಂಡು ಬಂದೆ.

ಪ್ರಾರಂಭೋತ್ಸವಕ್ಕೆ ಅಪ್ಪನಿಗೂ ನನಗೂ ಕರೆ ಬಂತು. ಅಪ್ಪ ಮಡಿ ಪಂಚೆ ಉಟ್ಟುಕೊಂಡು ಹೊರಟ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಹೊಸ್ತಿಲಲ್ಲೇ ನಿಂತ. ನಾನೂ ಇಣುಕಿದೆ. ನೆಲದ ತುಂಬ ಕಪ್ಪು ಹೂವು. ಗೋಡೆಯಿಂದ ಗೋಡೆಗೆ ಅದೇ ಹೂವು, ಅದೇ ಕಲೆ, ಅಂಚಿನಲ್ಲಿ ಅದೇ ಚೂರು ಮುಕ್ಕು. ಅದರ ಮೇಲೆ ಜನ ಬೂಟುಗಾಲಿನಲ್ಲಿ ಓಡಾಡುತ್ತಿದ್ದರು.

"ನೀವು ಒಂದೇ ಕೇಳಿದ್ರಿ, ನಾವು ಪೂರ್ತಿ ನೆಲಾನೇ ಕೊಟ್ಟಿದ್ದೀವಿ," ಎಂದು ಮಾಲೀಕ ಹಲ್ಲು ಬಿಟ್ಟ. "ಟಾಯ್ಲೆಟ್ಟಿಗೂ ಇದೇ."

"ಹಳೇದೆಲ್ಲಿ?" ಎಂದೆ.

"ಕೀಳುವಾಗ ಒಡೆದುಹೋಯ್ತು ಮೇಡಂ. ಚೂರೆಲ್ಲ ಹಿಂದುಗಡೆ ಪಾರ್ಕಿಂಗ್ ನೆಲಕ್ಕೆ ತುಂಬಿಸಿದ್ವಿ."

ಕೇಡು ಬಯಸಿ ಮಾಡಿದ್ದರೆ ಬಾಯಿ ತುಂಬ ಬೈದು ಬರಬಹುದಿತ್ತು. ಇವನೋ ಶಾಲು ಹೊದಿಸುತ್ತಾರೇನೋ ಎನ್ನುವ ಹಾಗೆ ಕಾದು ನಿಂತಿದ್ದ.

"ಬಾಪ್ಪಾ ಒಳಗೆ," ಎಂದೆ, ಬೇರೇನು ಹೇಳಬೇಕೋ ತಿಳಿಯದೆ.

"ಎಲ್ಲಿ ಕಾಲಿಡ್ಲಮ್ಮಾ?" ಎಂದ ಅಪ್ಪ. "ಎಲ್ಲಾ ಕಡೇನೂ ನನ್ ತಮ್ಮನೇ ಅವ್ನೆ."

ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತ. ಮುದುಕನಿಗೆ ಸುಸ್ತಾಗಿದೆ ಎಂದುಕೊಂಡ ಮಾಲೀಕ ವೇಟರನ ಕೈಲಿ ಒಂದು ಗ್ಲಾಸು ಬ್ರಾಂದಿ ಕಳಿಸಿದ. ಐಸು, ನಿಂಬೆ ಹೋಳು, ಪುದೀನ ಎಲೆ ಎಲ್ಲ ಇತ್ತು. ಅಪ್ಪ ಎಲೆಯನ್ನೂ ಹೋಳನ್ನೂ ತೆಗೆದು ಪಕ್ಕಕ್ಕಿಟ್ಟು, ಗ್ಲಾಸನ್ನು ರಸ್ತೆಯ ಮಣ್ಣಿಗೆ ಬಗ್ಗಿಸಿದ. ಒಂದು ಗುಟುಕಲ್ಲ, ಇದ್ದದ್ದಷ್ಟನ್ನೂ.

"ಒಳಗೆ ಅವ್ನಿಗೆ ಜಾಗ ಇಲ್ಲ," ಎಂದ. "ಇಲ್ಲೇ ಕುಡೀಲಿ ಬುಡು."

ಇನ್ನೊಂದು ತರಲಾ ತಾತ ಎಂದು ವೇಟರ್ ಕೇಳಿದ. ಅಪ್ಪ ಖಾಲಿ ಗ್ಲಾಸನ್ನು ಅವನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡ.