ಗಂಜಿ ಹಚ್ಚಿದ ಸುರುಳಿ

ಎಂಬತ್ತರ ದಶಕ. ಇಳಕಲ್ಲಿನ ನಮ್ಮ ಹವ್ಯಾಸಿ ರೇಡಿಯೊ ಕೋಣೆಯಲ್ಲಿ ಎರಡು ಸೆಟ್ಟುಗಳಿದ್ದವು. ಗೆಳೆಯ ಒಂದರಲ್ಲಿ ಮಾತಾಡಿದರೆ ನನ್ನದು ಕಿವುಡಾಗುತ್ತಿತ್ತು. ಆಯಾ ಸೆಟ್ಟಿಗೆ ಅದರ ಬ್ಯಾಂಡಿನ ಅಲೆಯನ್ನಷ್ಟೇ ಬಿಡುವ ಫಿಲ್ಟರ್ ಕಟ್ಟಲು ಕೂತೆ. ಅದರ ಸುರುಳಿಗಳಿಗೆ ತಾಮ್ರದ ತಂತಿಯನ್ನು ಒಪ್ಪವಾಗಿ ಸುತ್ತುವುದು ನನ್ನ ಕೈಲಾಗದೆ ಪಕ್ಕದ ಮನೆಯ ನೇಕಾರಜ್ಜನಿಗೆ ಕೊಟ್ಟೆ. ಸುರುಳಿಗಳು ಲಾಳಿಯೊಳಗೆ ನೂಲು ಸುತ್ತಿಟ್ಟ ಕಂಡಿಕೆಯಂತೆ ಚಂದವಾಗಿ ಬಂದವು. ಫಿಲ್ಟರಿನ ಡಬ್ಬಿಯಲ್ಲಿ ಕೂರಿಸಿ ಸೆಟ್ಟಿಗೆ ಜೋಡಿಸಿದೆ.

ಗೆಳೆಯ ಮೈಕಿನ ಗುಂಡಿ ಒತ್ತಿದ್ದೇ ತಡ, ಡಬ್ಬಿಯಿಂದ ಹೊಗೆ! ರೊಟ್ಟಿ ಸೀದ ವಾಸನೆ! ನಾನು ಹೌಹಾರಿದೆ. ಸಿಟ್ಟು ನೆತ್ತಿಗೇರಿ ಅಜ್ಜನ ಮನೆಗೆ ಓಡಿದೆ.

“ತಂತಿಗೆ ಏನ್ ಹಚ್ಚೀರಿ ಅಜ್ಜಾ?”

“ಗಂಜಿ. ಹಚ್ಚಲಿಲ್ಲಂದ್ರ ಎಳಿ ನಿಲ್ಲತಾವೇನು?”

“ಅದು ನೂಲಲ್ರೀ! ಕರೆಂಟ್ ಹರಿದ ಕೂಡ್ಲೆ ಗಂಜಿ ಸೀದು ಹೋತು!”

ಅಜ್ಜ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದ.

“ಇದು ಯಾತಕ್ಕಂತ ಎರಡು ಸಲ ಕೇಳಿದ್ನಿ. ‘ನೀವು ಸುಮ್ನ ಸುತ್ರಿ’ ಅಂದಿ.”