ದೇವರ ಮುಂದಿನ ಬಂದೂಕು

ಬಂದೂಕು ಹಿಡಿಯುವುದನ್ನು ಕಲಿಸುತ್ತ ನಾನು ದೇಶವೆಲ್ಲ ಅಲೆದವಳು. ಎಲ್ಲಿ ಹೋದರೂ ನನ್ನ ಮೊದಲ ಪಾಠಕ್ಕೆ ಜನ ಆಕಳಿಸುತ್ತಾರೆ: ಖಾಲಿ ಇದ್ದರೂ ಸರಿ, ಬಂದೂಕಿನ ಬಾಯಿ ಮನುಷ್ಯರ ಕಡೆ ಇರಬಾರದು.

ಕಳೆದ ವರ್ಷ ಬೆಳಗಾವಿಯ ತರಬೇತಿಗೆ ಖಾನಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಗಂಡ ತೀರಿಕೊಂಡಿದ್ದ. ಕಬ್ಬಿಗೆ ನುಗ್ಗುವ ಕಾಡುಹಂದಿ ಓಡಿಸಲು ಅವನ ಬಂದೂಕಿನ ಲೈಸೆನ್ಸ್ ತನ್ನ ಹೆಸರಿಗೆ ಬೇಕಿತ್ತು. ಅವಳು ಆಕಳಿಸಲಿಲ್ಲ, ಕೈಯೆತ್ತಿದಳು.

“ಅಕ್ಕಾರ, ಖಂಡೇನವಮಿಗೆ ಆಯುಧ ಪೂಜಿಗೆ ಇಟ್ಟಾಗ ಬಾಯಿ ಯಾವ ಕಡೆ ಮಾಡಬೇಕ್ರಿ?”

ಹಿಂದಿನ ಸಾಲಿನ ಗಂಡಸೊಬ್ಬ ನಕ್ಕ. “ದೇವರ ಕಡೆ ಮಾಡಬ್ಯಾಡವಾ, ಅಂವ ಹೆದರತಾನ!”

“ನಮ್ಮವರೂ ಹಂಗಽ ಅಂದಿದ್ರು,” ಎಂದಳು. “ದೇವರಿಗೆ ಗುರಿ ಹಿಡದ್ರ ಪಾಪ ಅಂತ ನಮ್ಮ ಕಡೆ ತಿರುಗಿಸಿಟ್ರು. ಹಂದಿ ಕಾಯಾಕ ತುಂಬಿದ್ದ ಕಾಡತೂಸು ಒಳಗಽ ಇತ್ತು. ಹೂವಿನ ಹಾರ ಜಾರಿತ್ತಂತ ನಾ ಎಳದೆ. ದಾರ ಟ್ರಿಗರಿಗೆ ಸಿಕ್ಕಿತ್ತು. ನಮ್ದು ಒಂದಽ ಕೋಣಿ ಮನಿ, ಎದುರಿಗೆ ಅವರು ಆರತಿ ಹಿಡಕೊಂಡು ನಿಂತಿದ್ರು.”

ನಕ್ಕವನು ತಲೆ ತಗ್ಗಿಸಿದ.

ನಾನೆಂದೆ, “ಮೊದಲು ತೆರೆದು, ಕಾಡತೂಸು ತೆಗೆದು, ಖಾಲಿ ಐತೇನು ನೋಡವಾ. ಆಮೇಲೂ ಬಾಯಿ ದೇವರ ಕಡೆನೇ ಇರಲಿ. ಅವನಿಗೇನೂ ಆಗೂದಿಲ್ಲ.”



“ಬ್ಯಾಡ್ರಿ ಅಕ್ಕಾರ. ಈಗ ದೇವರ ಬಾಜೂಕ ಅವರ ಫೋಟೋ ಐತಿ.”

ಹಾಗಾದರೆ ಖಾಲಿ ಗೋಡೆಯ ಕಡೆ ತಿರುಗಿಸು ಎಂದುಬಿಟ್ಟೆ. ಒಂದೇ ಕೋಣೆಯ ಮನೆಯಲ್ಲಿ ಖಾಲಿ ಗೋಡೆ ಎಲ್ಲಿಂದ ತರಬೇಕು ಎಂಬುದು ಇಷ್ಟು ಊರು ಸುತ್ತಿದವಳಿಗೆ ಹೊಳೆದದ್ದು, ಅವಳು ಖಾನಾಪುರದ ಬಸ್ಸು ಹತ್ತಿ ಹೋದ ಮೇಲೆ.